ಸಿನಿಮಾ ನಿಲ್ಲಿಸಿ ಕಲಿಸುವುದು: ವೈಯಕ್ತಿಕ, ಸಾಮಾಜಿಕ ಮತ್ತು ಪೌರತ್ವ ಶಿಕ್ಷಣಕ್ಕೆ ಚಲನಚಿತ್ರದ ಬಳಕೆ

ಶಾಲೆಯಲ್ಲಿ ಸಿನಿಮಾ ಹಾಕುವುದು ಸಾಮಾನ್ಯವಾಗಿ ಎರಡು ಸಂದರ್ಭಗಳಲ್ಲಿ. ಒಂದೋ ಪರೀಕ್ಷೆ ಮುಗಿದು ರಜೆಗೆ ಎರಡು ದಿನ ಉಳಿದಿರುತ್ತದೆ, ಇಲ್ಲವೇ ಪಾಠ ಮಾಡಬೇಕಾದ ಶಿಕ್ಷಕರು ಅವತ್ತು ಬಂದಿರುವುದಿಲ್ಲ. ಮಕ್ಕಳನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ ಎರಡು ಗಂಟೆ ಚಿತ್ರ ಓಡಿಸಿ, ಕೊನೆಗೆ "ಇದರಿಂದ ಏನು ನೀತಿ ಕಲಿತಿರಿ?" ಎಂದು ಕೇಳುತ್ತಾರೆ. ಮುಂದಿನ ಸಾಲಿನ ಮೂವರು ಕೈ ಎತ್ತಿ "ಎಲ್ಲರೂ ಒಳ್ಳೆಯವರಾಗಿರಬೇಕು" ಎನ್ನುತ್ತಾರೆ. ಹಿಂದಿನ ಸಾಲಿನವರು ಚೀಲ ಹೆಗಲಿಗೇರಿಸಿ ಆಗಿರುತ್ತದೆ.

ಇದಕ್ಕಿಂತ ಎಷ್ಟೋ ಹೆಚ್ಚಿನ ಕೆಲಸ ಸಿನಿಮಾದಿಂದ ಆಗುತ್ತದೆ. ಗೆಳೆಯರ ಒತ್ತಾಯ, ಅವಮಾನ, ಮೈಬಣ್ಣದ ಸಂಕೋಚ, ಮನೆಯ ಜಗಳ, ತಾರತಮ್ಯ ಇವನ್ನೆಲ್ಲ ನೇರವಾಗಿ ಎತ್ತಿದರೆ ಮಕ್ಕಳು ತುಟಿ ಬಿಚ್ಚುವುದಿಲ್ಲ. "ನಿನಗೆ ಹೀಗೆ ಆಗಿದೆಯಾ?" ಎಂದು ಕೇಳಿದರೆ ಇಡೀ ತರಗತಿಯ ಕಣ್ಣು ಒಬ್ಬರ ಮೇಲೆ ಬೀಳುತ್ತದೆ. ಪರದೆಯ ಮೇಲಿನ ಹುಡುಗಿಗೆ ಆ ತೊಂದರೆ ಇಲ್ಲ. ಅವಳು ಕೋಣೆಯಲ್ಲಿ ಇಲ್ಲ, ಅವಳನ್ನು ಬೈಯಬಹುದು, ಸಮರ್ಥಿಸಬಹುದು, ಅವಳ ಜಾಗದಲ್ಲಿ ನಿಂತು ಮಾತಾಡಬಹುದು. ಮಗು ತನ್ನ ಅನುಭವವನ್ನೇ ಹೇಳುತ್ತಿರುತ್ತದೆ, ಆದರೆ ಯಾರಿಗೂ ಹೇಳಿಕೊಂಡ ಹಾಗೆ ಆಗುವುದಿಲ್ಲ. ಈ ದೂರವನ್ನು ಕಾಪಾಡಿಕೊಂಡು, ಪಾತ್ರ ಒಂದು ತೀರ್ಮಾನಕ್ಕೆ ಬರುವ ಹೊಸ್ತಿಲಲ್ಲಿ ಚಿತ್ರವನ್ನು ನಿಲ್ಲಿಸುವುದೇ ಈ ವಿಧಾನದ ತಿರುಳು. ಕೆಳಗೆ ಹೇಳುವುದೆಲ್ಲ ಆ ನಿಲುಗಡೆಯನ್ನು ಸರಿಯಾಗಿ ಮಾಡುವುದಕ್ಕೆ ಬೇಕಾದ ತಯಾರಿ.

ಮೊದಲು ಪ್ರಶ್ನೆ, ಆಮೇಲೆ ಚಿತ್ರ

ಇಷ್ಟದ ಚಿತ್ರವೊಂದನ್ನು ಇಟ್ಟುಕೊಂಡು ಅದಕ್ಕೆ ಪಾಠ ಹೊಂದಿಸುವುದು ಎಲ್ಲರೂ ಮಾಡುವ ತಪ್ಪು. ಚಿತ್ರದಲ್ಲಿ ಹತ್ತು ವಿಷಯ ಇರುತ್ತವೆ, ಚರ್ಚೆ ಹತ್ತೂ ಕಡೆ ಹರಿದು ಯಾವುದೂ ಮುಗಿಯುವುದಿಲ್ಲ. ಮೊದಲು ಒಂದು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಅದು ಇಬ್ಬರು ಬುದ್ಧಿವಂತರು ಭಿನ್ನವಾಗಿ ಉತ್ತರಿಸಬಹುದಾದ ಪ್ರಶ್ನೆಯಾಗಿರಲಿ. "ಸ್ನೇಹ ಮುಖ್ಯವೇ?" ಎಂಬುದರಲ್ಲಿ ಚರ್ಚಿಸಲು ಏನೂ ಇಲ್ಲ. "ಗೆಳೆಯ ಮಾಡಿದ ತಪ್ಪನ್ನು ದೊಡ್ಡವರಿಗೆ ಹೇಳುವುದು ಯಾವಾಗ ದ್ರೋಹ, ಯಾವಾಗ ಅಲ್ಲ?" ಎಂದು ಕೇಳಿದರೆ ಅದರ ಸುತ್ತ ಒಂದು ಪೀರಿಯಡ್ ಕಳೆಯಬಹುದು. "ಬಹುಮತ ಒಪ್ಪಿದ್ದೆಲ್ಲ ನ್ಯಾಯವೇ?", "ಕ್ಷಮೆ ಕೇಳಿದ ಮೇಲೆ ವಿಷಯ ಮುಗಿಯಿತೇ?", "ನಿಯಮ ತಪ್ಪೆಂದು ಗೊತ್ತಿದ್ದರೆ ಮುರಿಯಬಹುದೇ?" ಇಂಥವು ಚೆನ್ನಾಗಿ ಕೆಲಸ ಮಾಡುತ್ತವೆ.

ಪ್ರಶ್ನೆ ಸಿಕ್ಕ ಮೇಲೆ ತುಣುಕು ಹುಡುಕಿ. 40ರಿಂದ 45 ನಿಮಿಷದ ಪೀರಿಯಡ್‌ಗೆ 3ರಿಂದ 6 ನಿಮಿಷದ ತುಣುಕು ಸಾಕು. ಅದನ್ನು ಎರಡು ಸಲ ತೋರಿಸಬೇಕಾಗುತ್ತದೆ, ಹಾಗಾಗಿ 8 ನಿಮಿಷ ದಾಟಿದರೆ ಮಾತಿಗೆ ಜಾಗ ಉಳಿಯುವುದಿಲ್ಲ. ಒಳ್ಳೆಯ ತುಣುಕಿನ ಗುರುತುಗಳು ಹೀಗಿವೆ: ಕನಿಷ್ಠ ಎರಡು ಪಾತ್ರಗಳಿಗೆ ಬೇರೆಬೇರೆ ಕಾರಣಗಳಿರುತ್ತವೆ, ಎರಡರ ಕಾರಣವೂ ಸ್ವಲ್ಪವಾದರೂ ಅರ್ಥವಾಗುವಂತಿರುತ್ತದೆ, ಒಂದು ಆಯ್ಕೆಯ ಕ್ಷಣ ಇರುತ್ತದೆ, ಮತ್ತು ಹಿಂದಿನ ಕಥೆಯನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಹಿನ್ನೆಲೆ ವಿವರಿಸಲು ಐದು ನಿಮಿಷ ಬೇಕಾಗುವ ದೃಶ್ಯ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಪಾತ್ರವೊಂದು ಎದ್ದು ನಿಂತು ನೀತಿ ಬೋಧಿಸುವ ದೃಶ್ಯವನ್ನೂ ಬಿಡಿ. ಅಲ್ಲಿ ಚಿತ್ರವೇ ಉತ್ತರ ಹೇಳಿಬಿಟ್ಟಿದೆ, ಮಕ್ಕಳಿಗೆ ಉಳಿಯುವ ಕೆಲಸ ತಲೆಯಾಡಿಸುವುದಷ್ಟೇ.

ಪೂರ್ತಿ ಚಿತ್ರ ತೋರಿಸಲೇಬಾರದೇ? ತೋರಿಸಬಹುದು, ಆದರೆ ಕಂತುಗಳಲ್ಲಿ. 15ರಿಂದ 20 ನಿಮಿಷದ ಭಾಗಗಳಾಗಿ ಒಡೆದು, ಪ್ರತಿ ಭಾಗವನ್ನೂ ಒಂದು ತೀರ್ಮಾನದ ಮುಂಚೆ ನಿಲ್ಲಿಸಿ. 5ರಿಂದ 15 ನಿಮಿಷದ ಕಿರುಚಿತ್ರಗಳು ಇದಕ್ಕಿಂತಲೂ ಅನುಕೂಲ. ಒಂದೇ ಪೀರಿಯಡ್‌ನಲ್ಲಿ ಪೂರ್ಣ ಕೃತಿಯೂ ಆಗುತ್ತದೆ, ಚರ್ಚೆಯೂ ಆಗುತ್ತದೆ. ಮಾತೇ ಇಲ್ಲದ ಕಿರುಚಿತ್ರ ಸಿಕ್ಕರೆ ಬಿಡಬೇಡಿ, ಭಾಷೆ ಇನ್ನೂ ಹಿಡಿತಕ್ಕೆ ಬಾರದ ಮಕ್ಕಳೂ ಅಲ್ಲಿ ಸಮಾನವಾಗಿ ಮಾತಾಡುತ್ತಾರೆ.

ತುಣುಕನ್ನು ಮಾತ್ರ ತೋರಿಸುವುದಾದರೂ ಚಿತ್ರವನ್ನು ನೀವು ಪೂರ್ತಿ ನೋಡಿರಬೇಕು. ನಿಮ್ಮ ತುಣುಕಿನಲ್ಲಿ ಧೈರ್ಯವಂತನಾಗಿ ಕಂಡ ಪಾತ್ರ ಕೊನೆಯಲ್ಲಿ ಏನಾಗುತ್ತದೆ ಎಂದು ಚಿತ್ರ ನೋಡಿದ ಮಗು ಮೊದಲೇ ಹೇಳಿಬಿಡುತ್ತದೆ. ಉಳಿದವರು ಮನೆಗೆ ಹೋಗಿ ಹುಡುಕಿ ನೋಡುತ್ತಾರೆ, ಆಗ ಅವರಿಗೆ ಏನು ಸಿಗುತ್ತದೆ ಎನ್ನುವುದು ನಿಮಗೆ ತಿಳಿದಿರಬೇಕು. ಚಿತ್ರದ ಸೆನ್ಸಾರ್ ಪ್ರಮಾಣಪತ್ರದಲ್ಲಿರುವ ವಯಸ್ಸಿನ ಮಿತಿ ಒಂದು ಅಂದಾಜು ಮಾತ್ರ. ಎಲ್ಲರೂ ನೋಡಬಹುದಾದ ಚಿತ್ರದ ಸಾವಿನ ದೃಶ್ಯವೂ, ಕಳೆದ ತಿಂಗಳು ತಂದೆಯನ್ನು ಕಳೆದುಕೊಂಡ ಮಗುವಿಗೆ ತಡೆಯಲಾಗದ್ದು.

ಕೆಲವು ದೃಶ್ಯಗಳನ್ನು ಯಾವ ಉದ್ದೇಶಕ್ಕೂ ತೋರಿಸಬೇಡಿ. ಆತ್ಮಹತ್ಯೆಯ ವಿಧಾನ ಕಾಣುವ ದೃಶ್ಯ, ಲೈಂಗಿಕ ಹಿಂಸೆಯ ದೃಶ್ಯ, ತನ್ನನ್ನು ತಾನೇ ಗಾಯಪಡಿಸಿಕೊಳ್ಳುವ ದೃಶ್ಯ ಆ ಪಟ್ಟಿಯಲ್ಲಿವೆ. ಆತ್ಮಹತ್ಯೆಯ ವಿಧಾನವನ್ನು ವಿವರವಾಗಿ ತೋರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಚಿತ್ರ ತಯಾರಕರಿಗೇ ಸಲಹೆ ಕೊಟ್ಟಿದೆ, ಅನುಕರಣೆಯ ಅಪಾಯವೇ ಅದಕ್ಕೆ ಕಾರಣ. ಕಷ್ಟದಲ್ಲಿರುವವರು ಸಹಾಯ ಕೇಳುವ ದೃಶ್ಯದಿಂದ ಅದೇ ವಿಷಯವನ್ನು ಕಲಿಸಬಹುದು.

ಹಕ್ಕುಸ್ವಾಮ್ಯದ ಬಗ್ಗೆ ಒಂದು ಮಾತು. ತರಗತಿಯ ಪಾಠಕ್ಕೆಂದು ಚಿತ್ರ ತೋರಿಸಲು ಬಹಳ ದೇಶಗಳ ಕಾನೂನು ವಿನಾಯಿತಿ ಕೊಡುತ್ತದೆ, ಆದರೆ ಅದರ ಅಂಚುಗಳು ಬೇರೆಬೇರೆ. ಅಮೆರಿಕದ ಕಾಯ್ದೆಯ 110(1)ನೇ ಕಲಮು ಲಾಭದ ಉದ್ದೇಶವಿಲ್ಲದ ಶಿಕ್ಷಣ ಸಂಸ್ಥೆಗಳಲ್ಲಿ, ಶಿಕ್ಷಕರೂ ವಿದ್ಯಾರ್ಥಿಗಳೂ ಎದುರುಬದುರಾಗಿರುವ ಪಾಠಕ್ಕೆ, ಕಾನೂನುಬದ್ಧ ಪ್ರತಿಯಿಂದ ತೋರಿಸಲು ಬಿಡುತ್ತದೆ. ಬ್ರಿಟನ್‌ನ 1988ರ ಕಾಯ್ದೆಯ 34ನೇ ಕಲಮೂ ಪಾಠಕ್ಕಾಗಿ ತೋರಿಸಲು ಅವಕಾಶ ಕೊಡುತ್ತದೆ, ಆದರೆ ಪೋಷಕರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆ ವಿನಾಯಿತಿಯೊಳಗೆ ಸೇರಿಸುವುದಿಲ್ಲ. ಭಾರತದ 1957ರ ಕಾಯ್ದೆಯ 52ನೇ ಕಲಮಿನಲ್ಲಿ ಸಿಬ್ಬಂದಿ, ವಿದ್ಯಾರ್ಥಿಗಳ ಜೊತೆಗೆ ಪೋಷಕರೂ ಇದ್ದಾರೆ. ಟಿಕೆಟ್ ಇಟ್ಟು ತೋರಿಸುವುದು, ಮನರಂಜನೆಗೆಂದು ತೋರಿಸುವುದು ಬೇರೆ ಮಾತು. ಸ್ಟ್ರೀಮಿಂಗ್ ಸೇವೆಯ ಖಾತೆಯಿಂದ ತೋರಿಸುವಾಗ ಕಾನೂನು ಒಪ್ಪಿದರೂ ಆ ಸೇವೆಯ ಷರತ್ತು ಒಪ್ಪದಿರಬಹುದು, ಓದಿ ನೋಡಿ.

ಕೋಣೆ ಮತ್ತು ಯಂತ್ರ

ಚಿತ್ರ ಕಾಣದಿದ್ದರೆ ಮಕ್ಕಳು ಹೇಗೋ ಸಹಿಸುತ್ತಾರೆ. ಮಾತು ಕೇಳದಿದ್ದರೆ ಮಾತ್ರ ಎರಡೇ ನಿಮಿಷದಲ್ಲಿ ಗಲಾಟೆ ಶುರುವಾಗುತ್ತದೆ. ಪ್ರೊಜೆಕ್ಟರ್ ಅಥವಾ ಲ್ಯಾಪ್‌ಟಾಪ್‌ನ ಒಳಗಿನ ಸ್ಪೀಕರ್ 40 ಮಕ್ಕಳ ಕೋಣೆಗೆ ಸಾಲುವುದಿಲ್ಲ, ಪ್ರತ್ಯೇಕ ಸ್ಪೀಕರ್ ಇಟ್ಟು ಅದನ್ನು ಪರದೆಯ ಪಕ್ಕದಲ್ಲೇ ಇರಿಸಿ. ಹಿಂದಿನ ಗೋಡೆಯ ಬಳಿ ನಿಂತು, ಫ್ಯಾನ್ ತಿರುಗುತ್ತಿರುವಾಗಲೇ, ಪಿಸುಮಾತಿನ ದೃಶ್ಯವೊಂದನ್ನು ಕೇಳಿ ಪರೀಕ್ಷಿಸಿ. ಖಾಲಿ ಕೋಣೆಯಲ್ಲಿ ಸರಿಯಾಗಿ ಕೇಳಿದ್ದು ತುಂಬಿದ ಕೋಣೆಯಲ್ಲಿ ಕಡಿಮೆ ಕೇಳುತ್ತದೆ, ಧ್ವನಿಯನ್ನು ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳಿ. ಕೋಣೆಯನ್ನು ಪೂರ್ತಿ ಕತ್ತಲು ಮಾಡಬೇಡಿ. ಮಕ್ಕಳು ಬರೆಯಬೇಕು, ನೀವು ಅವರ ಮುಖ ನೋಡುತ್ತಿರಬೇಕು. ನೀವು ನಿಲ್ಲುವ ಜಾಗ ಪರದೆಯ ಪಕ್ಕ. ಅಲ್ಲಿಂದ ಯಾರು ಮುಖ ತಿರುಗಿಸಿಕೊಂಡರು, ಯಾರು ಗಟ್ಟಿಯಾಗಿ ನಕ್ಕರು ಎನ್ನುವುದು ಕಾಣುತ್ತದೆ. ಆ ಮಾಹಿತಿ ಪಾಠಕ್ಕೂ ಬೇಕು, ಮಕ್ಕಳ ಕ್ಷೇಮಕ್ಕೂ ಬೇಕು.

ಸಬ್‌ಟೈಟಲ್ ಇದ್ದರೆ ಚಿತ್ರದ ಭಾಷೆ ಗೊತ್ತಿದ್ದರೂ ಹಾಕಿ. ಕಿವಿ ಮಂದವಾದ ಮಗು ತರಗತಿಯಲ್ಲಿದ್ದರೂ ಅದು ನಿಮಗೆ ಗೊತ್ತಿಲ್ಲದಿರಬಹುದು. ಕಣ್ಣು ಕಾಣದ ಮಗುವಿದ್ದರೆ ದೃಶ್ಯದ ವಿವರವನ್ನು ಮೊದಲೇ ಓದಿ ಹೇಳಿ, ತುಣುಕು ಓಡುವಾಗ ಪಕ್ಕದಲ್ಲಿ ಪಿಸುಗುಡುವ ಗೆಳೆಯನ ಮೇಲೆ ಭಾರ ಹಾಕಬೇಡಿ.

ನೇರವಾಗಿ ಇಂಟರ್ನೆಟ್‌ನಿಂದ ಓಡಿಸುವುದು ಅಪಾಯ. ಮಧ್ಯೆ ನಿಂತರೆ ಗಮನ ಚದುರುತ್ತದೆ, ಜಾಹೀರಾತು ಬಂದರೆ ಪಾಠವೇ ಮುಗಿಯಿತು. ಕಾನೂನುಬದ್ಧ ಪ್ರತಿಯನ್ನು ಯಂತ್ರದಲ್ಲಿ ಇಟ್ಟುಕೊಂಡು ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ಓಡಿಸಿದರೆ ಕೆಲವು ಅನುಕೂಲಗಳಿವೆ. ವಿಂಡೋಸ್ ಯಂತ್ರದಲ್ಲಿ ಕಂಟ್ರೋಲ್ ಮತ್ತು ಟಿ ಕೀಗಳನ್ನು ಒಟ್ಟಿಗೆ ಒತ್ತಿದರೆ ಬೇಕಾದ ಸಮಯಕ್ಕೆ ನೇರ ಹಾರಬಹುದು. ಇ ಕೀ ಒತ್ತಿದರೆ ಚಿತ್ರ ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಸ್ಥಿರಚಿತ್ರ, ಮುಂದೆ ಹೋಗುತ್ತದೆ, ಮುಖಭಾವ ಬದಲಾಗುವ ಕ್ಷಣವನ್ನು ಹಿಡಿಯಲು ಇದು ಬಹಳ ಉಪಯುಕ್ತ. ಸಬ್‌ಟೈಟಲ್ ಮಾತಿಗಿಂತ ಹಿಂದೆಮುಂದೆ ಆಗಿದ್ದರೆ ಜಿ, ಎಚ್ ಕೀಗಳಿಂದ ಸರಿಪಡಿಸಬಹುದು. ಶುರು ಮಾಡುವ ಮತ್ತು ನಿಲ್ಲಿಸುವ ಸಮಯವನ್ನು ಸೆಕೆಂಡ್ ಸಮೇತ ಚೀಟಿಯಲ್ಲಿ ಬರೆದುಕೊಳ್ಳಿ. ನಿಲ್ಲಿಸಬೇಕಾದ ಜಾಗಕ್ಕಿಂತ ಎರಡು ಸೆಕೆಂಡ್ ತಡವಾದರೆ ಪಾತ್ರದ ಉತ್ತರ ಬಾಯಿಂದ ಹೊರಬಿದ್ದಿರುತ್ತದೆ, ಆಮೇಲೆ ಯಾವ ಪ್ರಶ್ನೆ ಕೇಳಿಯೂ ಪ್ರಯೋಜನವಿಲ್ಲ.

ಒಂದು ಪೂರ್ತಿ ಪಾಠ: ಕಾಟ ಕೊಡುವವರು, ನೋಡುವವರು

ಉದಾಹರಣೆಗೆ, ಶಾಲೆಯ ಅಂಗಳದಲ್ಲಿ ಹೊಸದಾಗಿ ಸೇರಿದ ಹುಡುಗನನ್ನು ಮೂವರು ಗೇಲಿ ಮಾಡುವ ದೃಶ್ಯ ನಿಮ್ಮಲ್ಲಿದೆ ಎಂದುಕೊಳ್ಳಿ. ಸುತ್ತ ಏಳೆಂಟು ಮಂದಿ ನಿಂತಿದ್ದಾರೆ. ಅವರಲ್ಲಿ ಒಬ್ಬಳು ಅವನ ಬೆಂಚಿನಲ್ಲೇ ಕೂರುವವಳು. ದೃಶ್ಯ 3 ನಿಮಿಷದ್ದು. ಅವಳು ಬಾಯಿ ತೆರೆಯುವ ಮುಂಚಿನ ಕ್ಷಣವೇ ನಿಲುಗಡೆ. ಪೀರಿಯಡ್ 45 ನಿಮಿಷ.

ಮೊದಲ 5 ನಿಮಿಷ: ಪ್ರತಿಯೊಬ್ಬರಿಗೂ ಹೆಸರು ಬರೆಯದ ಒಂದು ಚೀಟಿ. "ಕಾಟ ಕೊಡುವುದನ್ನು ನೋಡಿಯೂ ಸುಮ್ಮನಿದ್ದವರು ತಪ್ಪಿತಸ್ಥರು" ಎಂಬ ವಾಕ್ಯಕ್ಕೆ 1ರಿಂದ 5ರವರೆಗೆ ಒಂದು ಅಂಕಿ ಹಾಕಬೇಕು. 1 ಎಂದರೆ ಒಪ್ಪುವುದೇ ಇಲ್ಲ, 5 ಎಂದರೆ ಪೂರ್ತಿ ಒಪ್ಪುತ್ತೇನೆ. ಚೀಟಿ ಅವರ ಬಳಿಯೇ ಇರಲಿ. ನಂತರ ಮೂರು ಕಟ್ಟುಪಾಡು ಹೇಳಿ: ಮಾತೆಲ್ಲ ಪಾತ್ರಗಳ ಬಗ್ಗೆ, ತರಗತಿಯವರ ಹೆಸರು ಎತ್ತುವಂತಿಲ್ಲ; ಮಾತಾಡದೆ ಇರುವ ಹಕ್ಕು ಎಲ್ಲರಿಗೂ ಇದೆ; ಯಾರಿಗಾದರೂ ನೋಡಲು ಕಷ್ಟವಾದರೆ ಕೇಳದೆ ಹೊರಗೆ ಹೋಗಬಹುದು, ಹೋದರೆ ಎಲ್ಲಿ ಕೂರಬೇಕು, ಅಲ್ಲಿ ಯಾರಿರುತ್ತಾರೆ ಎಂದೂ ತಿಳಿಸಿ. ಮೂರನೆಯದನ್ನು ಹೇಳಿ ಬಿಟ್ಟರೆ ಸಾಲದು, ಆ ಹೊರಗಿನ ವ್ಯಕ್ತಿಯನ್ನು ಮೊದಲೇ ಗೊತ್ತುಮಾಡಿರಬೇಕು.

5ರಿಂದ 10: ಮೊದಲ ನೋಟ, ಧ್ವನಿಯೊಂದಿಗೆ. ನಿಲ್ಲಿಸಿದ ಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು, ಮನಸ್ಸಿಗೆ ಬಂದದ್ದನ್ನು ಎರಡು ಸಾಲು ಬರೆಯಬೇಕು. ಈ ಮೌನ ಕಡಿತಗೊಳಿಸಬೇಡಿ. 1951ರಲ್ಲಿ ಮನೋವಿಜ್ಞಾನಿ ಸಾಲೊಮನ್ ಆಶ್ ಪ್ರಕಟಿಸಿದ ಗೆರೆಗಳ ಪ್ರಯೋಗ ಹಲವರಿಗೆ ಗೊತ್ತಿರಬಹುದು. ಕಣ್ಣಿಗೆ ಕಾಣುವ ಗೆರೆಯ ಉದ್ದದ ಬಗ್ಗೆಯೂ, ಸುತ್ತಲಿನವರೆಲ್ಲ ಒಟ್ಟಾಗಿ ತಪ್ಪು ಹೇಳಿದಾಗ, ಸುಮಾರು ಮೂರನೇ ಒಂದರಷ್ಟು ಉತ್ತರಗಳು ಗುಂಪಿನ ಕಡೆ ವಾಲಿದವು. ಅನಿಸಿಕೆಯ ಪ್ರಶ್ನೆಯಲ್ಲಿ, ಅದೂ ತರಗತಿಯ ಜನಪ್ರಿಯ ಹುಡುಗ ಮೊದಲು ಬಾಯಿಬಿಟ್ಟಾಗ, ಉಳಿದವರು ಎಲ್ಲಿಗೆ ವಾಲುತ್ತಾರೆ ಎಂದು ಹೇಳಬೇಕಾಗಿಲ್ಲ. ಕಾಗದದ ಮೇಲೆ ಬರೆದ ಮಾತಿಗೆ ಮಕ್ಕಳು ಅಂಟಿಕೊಳ್ಳುತ್ತಾರೆ. ಆಶ್ ಪ್ರಯೋಗದ ಇನ್ನೊಂದು ಭಾಗವೂ ಇಲ್ಲಿ ಉಪಯುಕ್ತ: ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಆ ಒತ್ತಡ ಬಹಳ ಇಳಿದುಹೋಯಿತು. ಪಾಠದ ಕೊನೆಯಲ್ಲಿ ಇದನ್ನು ದೊಡ್ಡ ತರಗತಿಯ ಮಕ್ಕಳಿಗೆ ಹೇಳಬಹುದು.

10ರಿಂದ 14: ಇಬ್ಬಿಬ್ಬರಾಗಿ ಮಾತು. ಕಂಡದ್ದು ಮಾತ್ರ, ಅನಿಸಿದ್ದು ಬೇಡ. "ಅವನಿಗೆ ಬೇಜಾರಾಯಿತು" ಎನ್ನುವುದು ಊಹೆ. "ಅವನು ಚೀಲವನ್ನು ಎದೆಗೆ ಒತ್ತಿಕೊಂಡ" ಎನ್ನುವುದು ಕಂಡದ್ದು. ಇದನ್ನು ಬೇರ್ಪಡಿಸಲು ಮಕ್ಕಳಿಗೆ ಕಷ್ಟವಾಗುತ್ತದೆ, ದೊಡ್ಡವರಿಗೂ ಆಗುತ್ತದೆ. ಆದರೆ ಇಲ್ಲಿ ಬಿಗಿಯಾಗಿದ್ದರೆ ಮುಂದಿನ ಚರ್ಚೆಗೆ ನೆಲ ಸಿಗುತ್ತದೆ.

14ರಿಂದ 20: ಎರಡನೇ ನೋಟ, ಧ್ವನಿ ಇಲ್ಲದೆ. ಈ ಸಲ ತರಗತಿಯನ್ನು ಗುಂಪು ಮಾಡಿ ಒಂದೊಂದು ಗುಂಪಿಗೆ ಒಬ್ಬೊಬ್ಬರನ್ನು ನೋಡುವ ಕೆಲಸ ಕೊಡಿ. ಪಾಠದ ಜೀವಾಳ ಇರುವುದು ಇಲ್ಲಿ. ಕ್ಯಾಮೆರಾ ಸಾಮಾನ್ಯವಾಗಿ ಕಾಟ ಕೊಡುವವನನ್ನೂ ಕಾಟಕ್ಕೆ ಒಳಗಾದವನನ್ನೂ ಮುಂದೆ ಇಡುತ್ತದೆ, ಸುತ್ತ ನಿಂತವರು ಹಿಂದೆ ಮಸುಕಾಗಿರುತ್ತಾರೆ. ಮಕ್ಕಳ ಕಣ್ಣನ್ನು ಆ ಮಸುಕಿನ ಕಡೆ ತಿರುಗಿಸಿ. ಫಿನ್‌ಲೆಂಡ್‌ನ ಸಂಶೋಧಕಿ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ಇಂಥ ಸನ್ನಿವೇಶದ ಪಾತ್ರಗಳನ್ನು ವಿಂಗಡಿಸಿದರು: ಕಾಟ ಕೊಡುವವರು, ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ನಿಲ್ಲುವವರು, ಪರವಾಗಿ ನಿಲ್ಲುವವರು, ಮತ್ತು ಕಾಟಕ್ಕೆ ಒಳಗಾದವರು. ಈ ಆರು ಹೆಸರನ್ನು ಹಲಗೆಯ ಮೇಲೆ ಬರೆದು, ದೃಶ್ಯದಲ್ಲಿ ಯಾರು ಯಾವುದು ಎಂದು ಗುರುತಿಸಲು ಹೇಳಿ. ಜಗಳ ಬರುತ್ತದೆ. ನಕ್ಕವನು ಹೆದರಿ ನಕ್ಕನೋ ಖುಷಿಗೆ ನಕ್ಕನೋ ಎಂಬ ವಾದ ಎದ್ದರೆ ಪಾಠ ಸರಿದಾರಿಯಲ್ಲಿದೆ. ಕಾಟಕ್ಕೆ ಅವನ ನಗು ಏನು ಮಾಡಿತು ಎಂಬ ಪ್ರಶ್ನೆಯನ್ನು ಅಲ್ಲಿ ಇಳಿಸಿ.

20ರಿಂದ 34: ಕೊನೆಯ ಫ್ರೇಮ್ ಪರದೆಯ ಮೇಲೆ ನಿಂತಿರಲಿ. "ಆ ಹುಡುಗಿ ಮುಂದಿನ ಹತ್ತು ಸೆಕೆಂಡಿನಲ್ಲಿ ಏನೇನು ಮಾಡಬಹುದು?" ಏನು ಮಾಡಬೇಕು ಎಂದು ಕೇಳಬೇಡಿ. ಮಾಡಬೇಕು ಎಂದ ತಕ್ಷಣ ಮಕ್ಕಳು ಶಿಕ್ಷಕರಿಗೆ ಇಷ್ಟವಾಗುವ ಉತ್ತರ ಹುಡುಕುತ್ತಾರೆ. ಕನಿಷ್ಠ ಆರು ದಾರಿ ಬರುವವರೆಗೆ ಬರೆಯುತ್ತಾ ಹೋಗಿ: ಕೂಗುವುದು, ಅವನನ್ನು ಬೇರೆ ಕೆಲಸದ ನೆಪದಲ್ಲಿ ಕರೆದುಕೊಂಡು ಹೋಗುವುದು, ನಗದೆ ಹೊರಟುಹೋಗುವುದು, ಶಿಕ್ಷಕರನ್ನು ಕರೆಯುವುದು, ಸಂಜೆ ಅವನ ಜೊತೆ ಮಾತಾಡುವುದು, ಏನೂ ಮಾಡದಿರುವುದು. ಪ್ರತಿಯೊಂದಕ್ಕೂ ಎರಡು ಕಾಲಂ: ಅವಳಿಗೆ ಇದರಿಂದ ಏನು ನಷ್ಟ, ಅವನಿಗೆ ಇದರಿಂದ ಏನು ಲಾಭ. "ಏನೂ ಮಾಡದಿರುವುದು" ಎಂಬ ಸಾಲನ್ನೂ ಗಂಭೀರವಾಗಿ ತುಂಬಿ. ಹೆದರಿಕೆಗೆ ಕಾರಣ ಇದೆ ಎಂದು ಒಪ್ಪದ ಪಾಠವನ್ನು ಅಂಗಳದಲ್ಲಿ ಯಾವ ಮಗುವೂ ನೆನಪಿಸಿಕೊಳ್ಳುವುದಿಲ್ಲ. ಕಡಿಮೆ ನಷ್ಟದ, ಆದರೂ ಕೆಲಸಕ್ಕೆ ಬರುವ ದಾರಿಗಳು ಈ ಪಟ್ಟಿಯಲ್ಲೇ ಸಿಗುತ್ತವೆ. ನೆಪ ಹೇಳಿ ಕರೆದೊಯ್ಯುವುದು ಅಂಥದ್ದು.

34ರಿಂದ 38: ಚಿತ್ರದಲ್ಲಿ ಅವಳು ಏನು ಮಾಡಿದಳು ಎಂದು ತೋರಿಸಿ. ಇದು ಸರಿಯುತ್ತರವಲ್ಲ, ಚಿತ್ರಕಥೆ ಬರೆದವರ ಉತ್ತರ, ಎಂದು ಹೇಳಿಯೇ ತೋರಿಸಿ. ಮಕ್ಕಳ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯದು ಇದೆಯೇ ಎಂದು ಕೇಳಿ.

ಉಳಿದ 7 ನಿಮಿಷ: ಮೊದಲಿನ ಚೀಟಿಗೆ ಮತ್ತೊಂದು ಅಂಕಿ, ಬದಲಾಗಿದ್ದರೆ ಒಂದು ಸಾಲಿನ ಕಾರಣ. ಶಾಲೆಯಲ್ಲಿ ಇಂಥದ್ದು ನಡೆದರೆ ಯಾರ ಬಳಿ ಹೋಗಬೇಕು, ಎಲ್ಲಿ ಸಿಗುತ್ತಾರೆ ಎಂದು ಹೆಸರು ಹೇಳಿ ತಿಳಿಸಿ. ಕೊನೆಯ ಒಂದೆರಡು ನಿಮಿಷ ಹಗುರ ಮಾತಿಗೆ ಇರಲಿ. ಭಾರವಾದ ದೃಶ್ಯ ನೋಡಿದ ಮಕ್ಕಳು ಬೆಲ್ ಹೊಡೆದ ತಕ್ಷಣ ಗಣಿತದ ತರಗತಿಗೆ ಓಡಬೇಕಾದರೆ ಆ ಭಾರವನ್ನು ಅಲ್ಲಿಗೇ ಹೊತ್ತುಕೊಂಡು ಹೋಗುತ್ತಾರೆ.

ಪ್ರಶ್ನೆ ಕೇಳಿ ಸುಮ್ಮನಿರುವುದು

ಚರ್ಚೆ ಸಾಯುವುದು ಬಹುಪಾಲು ಶಿಕ್ಷಕರ ಅವಸರದಿಂದ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡ್ ಎಂದು ಕಂಡಿತು. ಅದನ್ನು ಮೂರು ಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಮಾತಾಡಿದರು. ಮನಸ್ಸಿನೊಳಗೆ ಐದು ಎಣಿಸಿ. ಉತ್ತರ ಬಂದ ಮೇಲೂ "ಹೌದು, ಸರಿ" ಎನ್ನುವ ಮುಂಚೆ ಇನ್ನೆರಡು ಎಣಿಸಿ, ಆ ಮಗುವೇ ಇನ್ನೊಂದು ವಾಕ್ಯ ಸೇರಿಸುತ್ತದೆ. "ಒಳ್ಳೆಯ ಉತ್ತರ" ಎಂದು ಹೊಗಳಿದರೆ ಚರ್ಚೆ ಮುಚ್ಚಿದ ಹಾಗೆ, ಉಳಿದವರಿಗೆ ನಿಮ್ಮ ಪಕ್ಷ ಯಾವುದೆಂದು ಗೊತ್ತಾಯಿತು. ಅದರ ಬದಲು "ಅದು ಯಾವ ಫ್ರೇಮ್‌ನಲ್ಲಿ ಕಂಡಿತು?" ಎಂದು ಕೇಳಿ, ಸಾಧ್ಯವಾದರೆ ಆ ಜಾಗಕ್ಕೆ ಹಿಂದಕ್ಕೆ ಹೋಗಿ ತೋರಿಸಿ.

"ನೀನಾಗಿದ್ದರೆ?" ಎಂಬ ಪ್ರಶ್ನೆಯನ್ನು ಹುಷಾರಾಗಿ ಬಳಸಿ. ಅದು ನಾವು ಕಷ್ಟಪಟ್ಟು ಕಟ್ಟಿದ ದೂರವನ್ನು ಒಡೆದುಹಾಕುತ್ತದೆ. ಪಾತ್ರವನ್ನೇ ಕುರ್ಚಿಯಲ್ಲಿ ಕೂರಿಸುವುದು ಸುರಕ್ಷಿತ: ಒಬ್ಬ ವಿದ್ಯಾರ್ಥಿ ಪಾತ್ರವಾಗಿ ಕೂತು ಉಳಿದವರ ಪ್ರಶ್ನೆಗೆ ಉತ್ತರಿಸುತ್ತಾನೆ. ಕಾಟಕ್ಕೆ ಒಳಗಾದವನ ಪಾತ್ರವನ್ನು ತರಗತಿಯಲ್ಲಿ ನಿಜವಾಗಿಯೂ ಗೇಲಿಗೆ ಒಳಗಾಗುವ ಮಗುವಿಗೆ ಕೊಡಬೇಡಿ. ಕಾಟ ಕೊಟ್ಟವನ ಕುರ್ಚಿಯಲ್ಲಿ ನೀವೇ ಕೂರುವುದು ಉತ್ತಮ. ಆಟ ಮುಗಿದ ಮೇಲೆ ಪಾತ್ರದಿಂದ ಹೊರಬರಲು ಕುರ್ಚಿ ಬಿಟ್ಟು ಎದ್ದು ತಮ್ಮ ಹೆಸರು ಹೇಳಲಿ. ತಮಾಷೆ ಎನಿಸಬಹುದು, ಆದರೆ ಹಾಗೆ ಮಾಡದಿದ್ದರೆ ಪಾತ್ರದ ಹೆಸರೇ ಆ ಮಗುವಿಗೆ ಅಡ್ಡಹೆಸರಾಗಿ ಅಂಟುತ್ತದೆ.

ಪೌರತ್ವಕ್ಕೆ: ನಾಯಕ ಬಾರದಿದ್ದರೆ?

ಹಕ್ಕು, ಕಾನೂನು, ಚುನಾವಣೆ, ಭ್ರಷ್ಟಾಚಾರದ ಬಗೆಗಿನ ಚಿತ್ರಗಳಲ್ಲಿ ಒಂದು ಸಾಮಾನ್ಯ ತೊಂದರೆಯಿದೆ. ಅನ್ಯಾಯವನ್ನು ಚೆನ್ನಾಗಿ ತೋರಿಸುತ್ತವೆ, ಪರಿಹಾರವನ್ನು ಮಾತ್ರ ಒಬ್ಬ ನಾಯಕನ ಕೈಗೆ ಕೊಟ್ಟುಬಿಡುತ್ತವೆ. ಅವನು ಹೊಡೆಯುತ್ತಾನೆ, ಭಾಷಣ ಮಾಡುತ್ತಾನೆ, ಜನ ಚಪ್ಪಾಳೆ ತಟ್ಟುತ್ತಾರೆ. ಪೌರತ್ವದ ಪಾಠಕ್ಕೆ ಇದು ನೇರ ವಿರುದ್ಧ, ಅದಕ್ಕಾಗಿಯೇ ಇಂಥ ಚಿತ್ರ ಬಹಳ ಒಳ್ಳೆಯ ಕಚ್ಚಾವಸ್ತು. ನಾಯಕ ಬರುವ ಮುಂಚೆ ನಿಲ್ಲಿಸಿ ಕೇಳಿ: ಅವನಿಗೆ ಇವತ್ತು ಜ್ವರ, ಬರುವುದಿಲ್ಲ. ಈಗ ಈ ಜನ ಏನು ಮಾಡಬಹುದು? ಯಾವ ಕಚೇರಿಗೆ ದೂರು, ಯಾರ ಹೆಸರಿಗೆ, ಯಾವ ದಾಖಲೆಯೊಂದಿಗೆ, ಎಷ್ಟು ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲೆ ಯಾರು? ಗುಂಪುಗಳು ತಮ್ಮ ದೇಶದ ನಿಜವಾದ ವ್ಯವಸ್ಥೆಯನ್ನು ಹುಡುಕಿ ಆ ದಾರಿಯನ್ನು ಹಂತಹಂತವಾಗಿ ಬರೆಯಲಿ. ಆಮೇಲೆ ನಾಯಕನ ದೃಶ್ಯ ತೋರಿಸಿ. "ಇದು ಬೇಗ ಆಯಿತು, ಆದರೆ ನಾಳೆ ಬೇರೆ ಯಾರಾದರೂ ಇದೇ ಬಲದಿಂದ ಇದಕ್ಕೆ ವಿರುದ್ಧವಾದದ್ದನ್ನು ಮಾಡಿದರೆ?" ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಹುಟ್ಟದಿದ್ದರೆ ನೀವು ಕೇಳಿ.

ನ್ಯಾಯಾಲಯದ ದೃಶ್ಯಗಳನ್ನು ನಿಜದ ಜೊತೆ ಇಟ್ಟು ನೋಡಬೇಕು. ಸಿನಿಮಾದ ಕೋರ್ಟಿನಲ್ಲಿ ಕೊನೆಯ ಗಳಿಗೆಯಲ್ಲಿ ಸಾಕ್ಷಿ ಓಡಿಬರುತ್ತಾನೆ, ತೀರ್ಪು ಅಲ್ಲೇ ಬೀಳುತ್ತದೆ. ಹಿಂದಿನ ದೃಶ್ಯಗಳಲ್ಲಿ ಅಪರಾಧ ಯಾರದ್ದೆಂದು ನಾವು ಕಣ್ಣಾರೆ ಕಂಡಿರುವುದರಿಂದ ವಿಚಾರಣೆಯೇ ವ್ಯರ್ಥ ಕಾಲಹರಣ ಅನಿಸುತ್ತದೆ. ಈ ಭಾವನೆಯನ್ನೇ ಚರ್ಚೆಗೆ ಎತ್ತಿಕೊಳ್ಳಿ. ನ್ಯಾಯಾಧೀಶರು ನಾವು ಕಂಡ ದೃಶ್ಯ ಕಂಡಿಲ್ಲ. ಅವರಿಗೆ ಗೊತ್ತಿರುವುದಷ್ಟನ್ನೇ ಪಟ್ಟಿಮಾಡಿ ತೀರ್ಪು ಬರೆಯಲು ಹೇಳಿದರೆ, ಅಪರಾಧ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ ಎಂಬ ತತ್ವ ಏಕೆ ಬೇಕು ಎಂದು ಮಕ್ಕಳಿಗೆ ಯಾವ ಉಪನ್ಯಾಸವೂ ಇಲ್ಲದೆ ತಿಳಿಯುತ್ತದೆ.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ 30 ವಿಧಿಗಳಿವೆ. ಅವುಗಳಲ್ಲಿ ಏಳನ್ನೋ ಎಂಟನ್ನೋ ಸರಳ ಭಾಷೆಯಲ್ಲಿ ಕಾರ್ಡುಗಳ ಮೇಲೆ ಬರೆದುಕೊಳ್ಳಿ, ಉದಾಹರಣೆಗೆ ಕಾನೂನಿನ ಮುಂದೆ ಸಮಾನತೆಯ 7ನೇ ವಿಧಿ, ನಿರಪರಾಧಿತ್ವದ 11, ಅಭಿಪ್ರಾಯ ಸ್ವಾತಂತ್ರ್ಯದ 19, ಶಾಂತಿಯುತವಾಗಿ ಸಭೆ ಸೇರುವ 20, ಆಡಳಿತದಲ್ಲಿ ಪಾಲ್ಗೊಳ್ಳುವ 21, ಶಿಕ್ಷಣದ 26. ದೃಶ್ಯ ಓಡುವಾಗ ಯಾವ ಹಕ್ಕಿಗೆ ಪೆಟ್ಟು ಬಿತ್ತು ಅನಿಸುತ್ತದೋ ಆ ಕಾರ್ಡ್ ಎತ್ತಬೇಕು, ಎತ್ತಿದಲ್ಲಿ ಚಿತ್ರ ನಿಲ್ಲುತ್ತದೆ. ಎರಡು ಗುಂಪು ಒಂದೇ ದೃಶ್ಯಕ್ಕೆ ಎದುರುಬದುರಾದ ಹಕ್ಕುಗಳನ್ನು ಎತ್ತಿದಾಗ ಚೆನ್ನಾಗಿರುತ್ತದೆ. ಚಿಕ್ಕ ಮಕ್ಕಳಿಗೆ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಹತ್ತಿರವಾಗುತ್ತದೆ. ಅದರ 12ನೇ ವಿಧಿ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು, ಮನೆ-ಶಾಲೆಯ ಯಾವ ದೃಶ್ಯಕ್ಕಾದರೂ ಹೊಂದುತ್ತದೆ.

ರಾಜಕೀಯವಾಗಿ ಬಿಸಿಯಾದ ವಿಷಯದಲ್ಲಿ ಒಂದೇ ಚಿತ್ರ ತೋರಿಸಿ ಮುಗಿಸಬೇಡಿ. ಅದೇ ಘಟನೆಯನ್ನು ಇನ್ನೊಂದು ಕಡೆಯಿಂದ ಕಾಣುವ ಎರಡನೇ ತುಣುಕೋ ಪತ್ರಿಕೆಯ ವರದಿಯೋ ಜೊತೆಗಿರಲಿ. ನಿಮ್ಮ ಒಲವು ಯಾವುದೆಂದು ಮಕ್ಕಳಿಗೆ ತಿಳಿಯದಿದ್ದರೆ ಒಳ್ಳೆಯದು. "ನಿಜ ಘಟನೆ ಆಧಾರಿತ" ಎಂದಿದ್ದರೆ ಯಾವುದು ನಡೆದದ್ದು, ಯಾವುದು ಸೇರಿಸಿದ್ದು ಎಂದು ಹುಡುಕಿ ಮೂರು ಅಂಶ ತರುವುದು ಮನೆಗೆಲಸವಾಗಲಿ.

ಚಿತ್ರ ಹೇಗೆ ನಂಬಿಸುತ್ತದೆ

ಚಿತ್ರದ ತಂತ್ರವನ್ನು ಬಿಚ್ಚಿ ನೋಡದೆ ಈ ಪಾಠ ಅರ್ಧವೇ. ಸೋವಿಯತ್ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಹೆಸರಿನ ಪ್ರಸಿದ್ಧ ಪ್ರಯೋಗದಲ್ಲಿ, ಭಾವವಿಲ್ಲದ ಒಂದೇ ಮುಖದ ದೃಶ್ಯದ ಬೆನ್ನಿಗೆ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಹೆಂಗಸಿನ ಚಿತ್ರ ಜೋಡಿಸಿದಾಗ, ನೋಡುಗರು ಆ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಆಸೆಯನ್ನೂ ಕಂಡರು. ಇದನ್ನು ಮಕ್ಕಳು ಫೋನಿನಲ್ಲಿ ಹದಿನೈದು ನಿಮಿಷದಲ್ಲಿ ತಾವೇ ಮಾಡಿ ನೋಡಬಹುದು. ಆಮೇಲೆ ಪಾಠದ ದೃಶ್ಯಕ್ಕೆ ಹಿಂದಿರುಗಿ: ಸಂಗೀತ ತೆಗೆದರೆ ಕೆಟ್ಟವನು ಅಷ್ಟೇ ಕೆಟ್ಟವನಾಗಿ ಕಾಣುತ್ತಾನೆಯೇ? ಕ್ಯಾಮೆರಾ ಯಾರ ಕಣ್ಣಿನ ಮಟ್ಟದಲ್ಲಿದೆ? ಕೆಳಗಿನಿಂದ ತೆಗೆದರೆ ದೊಡ್ಡವನಾಗಿ, ಮೇಲಿನಿಂದ ತೆಗೆದರೆ ಚಿಕ್ಕವನಾಗಿ ಕಾಣುವುದನ್ನು ಯಾವ ಪಾತ್ರಕ್ಕೆ ಬಳಸಿದ್ದಾರೆ? ಯಾರಿಗೆ ಹೆಸರಿಲ್ಲ, ಯಾರಿಗೆ ಮಾತಿಲ್ಲ? ಅಮೆರಿಕದ ವ್ಯಂಗ್ಯಚಿತ್ರ ಕಲಾವಿದೆ ಆಲಿಸನ್ ಬೆಕ್ಡೆಲ್ 1985ರಲ್ಲಿ ಒಂದು ಕಾಮಿಕ್ ಸ್ಟ್ರಿಪ್‌ನಲ್ಲಿ ಕೊಟ್ಟ ಅಳತೆ ಸರಳವಾಗಿದೆ: ಚಿತ್ರದಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇದ್ದಾರೆಯೇ, ಅವರು ಪರಸ್ಪರ ಮಾತಾಡುತ್ತಾರೆಯೇ, ಗಂಡಸಿನ ವಿಷಯ ಬಿಟ್ಟು ಬೇರೆ ಮಾತಾಡುತ್ತಾರೆಯೇ? ಮಕ್ಕಳು ತಮ್ಮ ಮೆಚ್ಚಿನ ಚಿತ್ರಗಳಿಗೆ ಇದನ್ನು ಹಚ್ಚಿ ಬರಲಿ. ಪಾಸಾದ ಚಿತ್ರವೆಲ್ಲ ನ್ಯಾಯವಾದದ್ದು ಎಂದೇನೂ ಅಲ್ಲ. ಇದೇ ಪ್ರಶ್ನೆಗಳನ್ನು ಅಂಗವಿಕಲರ ಬಗ್ಗೆ, ಬಡವರ ಬಗ್ಗೆ, ಅಲ್ಪಸಂಖ್ಯಾತರ ಬಗ್ಗೆ ತಿದ್ದಿ ಬರೆಯುವುದು ಮುಂದಿನ ಕೆಲಸ.

ಕೈತಪ್ಪಿದಾಗ

ಗಂಭೀರ ದೃಶ್ಯದಲ್ಲಿ ನಗು ಬರುತ್ತದೆ. ಬಹಳ ಸಲ ಅದು ಮುಜುಗರದ ನಗು. ಬೈಯದೆ ನಿಲ್ಲಿಸಿ, "ಇಲ್ಲಿ ನಗು ಯಾಕೆ ಬರುತ್ತದೆ?" ಎಂದು ನಿಜವಾದ ಕುತೂಹಲದಿಂದ ಕೇಳಿ. ಒಂದು ಪಾತ್ರಕ್ಕೆ ಹೋಲುವ ಮಗು ತರಗತಿಯಲ್ಲಿ ಒಬ್ಬರೇ ಇದ್ದರೆ, ಆ ಭಾಷೆಯವರು, ಆ ಧರ್ಮದವರು, ಅಂಥ ಮೈಕಟ್ಟಿನವರು, ಎಲ್ಲರ ಕಣ್ಣು ಅವರ ಕಡೆ ಹೊರಳುತ್ತದೆ. ಇದನ್ನು ಪಾಠದ ಮಧ್ಯೆ ಸರಿಪಡಿಸಲು ಆಗುವುದಿಲ್ಲ. ತುಣುಕು ಆರಿಸುವಾಗಲೇ ಹಾಜರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದೊಂದು ಹೆಸರಾಗಿ ಯೋಚಿಸಬೇಕು.

ಯಾವುದಾದರೂ ಮಗು "ನನ್ನ ಮನೆಯಲ್ಲೂ ಹೀಗೇ" ಎಂದು ಶುರುಮಾಡಿದರೆ, ಎಲ್ಲರ ಮುಂದೆ ಮುಂದುವರಿಯಲು ಬಿಡಬೇಡಿ. "ಇದು ಮುಖ್ಯ, ಪಾಠ ಮುಗಿದ ಮೇಲೆ ನಾವಿಬ್ಬರೂ ಮಾತಾಡೋಣ" ಎಂದು ಮೆತ್ತಗೆ ನಿಲ್ಲಿಸಿ, ಮಾತಿಗೆ ತಕ್ಕಂತೆ ಅವತ್ತೇ ಮಾತಾಡಿ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. ಕೆದಕಿ ಪ್ರಶ್ನೆ ಕೇಳುವುದೂ ಬೇಡ. ಮಗು ಬಳಸಿದ ಪದಗಳಲ್ಲೇ, ದಿನಾಂಕ ಸಮಯದೊಂದಿಗೆ ಬರೆದಿಟ್ಟು, ಮಕ್ಕಳ ರಕ್ಷಣೆಗೆ ಶಾಲೆಯಲ್ಲಿ ಹೊಣೆ ಹೊತ್ತವರಿಗೆ ಅದೇ ದಿನ ತಲುಪಿಸಿ. ಮಗುವಿಗೆ ಅಪಾಯವಿದೆ ಎಂದು ಗೊತ್ತಾದರೆ ವರದಿ ಮಾಡುವುದು ಹಲವು ದೇಶಗಳಲ್ಲಿ ಶಿಕ್ಷಕರ ಮೇಲಿನ ಕಾನೂನಿನ ಹೊಣೆ.

ಪೋಷಕರಿಗೆ ಮೊದಲೇ ನಾಲ್ಕು ಸಾಲಿನ ಪತ್ರ ಕಳಿಸಿದರೆ ಬಹಳಷ್ಟು ದೂರುಗಳು ಹುಟ್ಟುವುದೇ ಇಲ್ಲ: ಯಾವ ಚಿತ್ರ, ಎಷ್ಟು ನಿಮಿಷ, ಯಾವ ಪ್ರಶ್ನೆಗಾಗಿ, ಬೇಡವೆನಿಸಿದರೆ ಯಾರಿಗೆ ತಿಳಿಸಬೇಕು.

ಪಾಠದ ಮೇಲೆ

ಚೀಟಿಯ ಅಂಕಿ 2ರಿಂದ 4ಕ್ಕೆ ಏರಿದರೆ ಪಾಠ ಗೆದ್ದಿತು ಎಂದುಕೊಳ್ಳಬೇಡಿ. ಅಂದಿನ ಬಿಸಿಯಲ್ಲಿ ಎಲ್ಲರೂ ಏರುತ್ತಾರೆ. ಎರಡು ವಾರ ಬಿಟ್ಟು ಅದೇ ವಾಕ್ಯ ಕೊಟ್ಟು ಕಾರಣ ಬರೆಸಿ. ನೋಡಬೇಕಾದದ್ದು ಅಂಕಿಯನ್ನಲ್ಲ, ಕಾರಣ ಎಷ್ಟು ಗಟ್ಟಿಯಾಗಿದೆ ಎಂಬುದನ್ನು. ಮೊದಲು ಒಂದೇ ಕಡೆಯ ಕಾರಣ ಬರೆದ ಮಗು ಈಗ ಎದುರಿನವರ ಕಾರಣವನ್ನೂ ಬರೆದಿದೆಯೇ? ಭಾವನೆಗೆ, ಅಭಿಪ್ರಾಯಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಮುಂದಿನ ಸಲ ಎಲ್ಲರೂ ನಿಮಗೆ ಬೇಕಾದ್ದನ್ನೇ ಬರೆಯುತ್ತಾರೆ.

ಸಮಯ ಇದ್ದರೆ ಮಕ್ಕಳು ತಾವೇ 60ರಿಂದ 90 ಸೆಕೆಂಡಿನ ಚಿತ್ರ ಮಾಡಲಿ, ಅದೂ ತೀರ್ಮಾನದ ಮುಂಚೆ ನಿಲ್ಲುವ ಚಿತ್ರ. ಆರೇ ಶಾಟ್, ಒಂದೇ ಜಾಗ, ಮೊದಲು ಕಾಗದದ ಮೇಲೆ ಆರು ಚೌಕ ಬರೆದು ಅನುಮತಿ ಪಡೆದ ಮೇಲೆಯೇ ಚಿತ್ರೀಕರಣ. ಕಾಣಿಸಿಕೊಳ್ಳುವ ಪ್ರತಿ ಮಗುವಿನ ಮತ್ತು ಪೋಷಕರ ಒಪ್ಪಿಗೆ ಬೇಕು, ಚಿತ್ರ ಶಾಲೆಯ ಹೊರಗೆ ಹೋಗಬಾರದು. ಇನ್ನೊಂದು ತರಗತಿಗೆ ಅದನ್ನು ತೋರಿಸಿ ಚರ್ಚೆ ನಡೆಸುವ ಕೆಲಸವನ್ನೂ ಅವರಿಗೇ ಬಿಡಿ.

ನಿಮ್ಮ ಕಡತಕ್ಕೆ ಪ್ರತಿ ತುಣುಕಿಗೆ ಒಂದು ಪುಟ ಸಾಕು: ಚಿತ್ರದ ಹೆಸರು ಮತ್ತು ಯಾವ ಪ್ರತಿ, ಶುರು ಮತ್ತು ನಿಲುಗಡೆಯ ಸಮಯ ಸೆಕೆಂಡ್ ಸಮೇತ, ಪ್ರಶ್ನೆ, ಯಾವ ತರಗತಿಗೆ ತೋರಿಸಿದ್ದು, ಎಲ್ಲಿ ನಕ್ಕರು, ಎಲ್ಲಿ ಮಾತು ನಿಂತಿತು, ಯಾವ ಪ್ರಶ್ನೆ ಕೆಲಸ ಮಾಡಲಿಲ್ಲ. ಪ್ರತಿ ಯಾವುದೆಂದು ಬರೆಯುವುದನ್ನು ಮರೆಯಬೇಡಿ. ಟಿವಿಗೆ ಕತ್ತರಿಸಿದ ಪ್ರತಿ, ಡಿವಿಡಿ, ಸ್ಟ್ರೀಮಿಂಗ್ ಇವುಗಳಲ್ಲಿ ಸಮಯ ಒಂದೇ ಇರುವುದಿಲ್ಲ, ಮುಂದಿನ ವರ್ಷ ಈ ಪುಟ ಹಿಡಿದು ಬರುವ ಶಿಕ್ಷಕರು ತಪ್ಪು ಜಾಗದಲ್ಲಿ ನಿಲ್ಲಿಸುತ್ತಾರೆ.